ಇಪ್ಪತ್ತೇಳನೇ ಹಲ್ಲು

ಐಶ್ವರ್ಯಳಿಗೆ ಅರವತ್ತು ಹಾಲುಹಲ್ಲು ಬೇಕಿತ್ತು. ಕೇಳುವುದಕ್ಕೆ ಇದೇನು ಮಹಾ ಅನ್ನಿಸುತ್ತದೆ. ಆರೇಳು ವರ್ಷದ ಮಕ್ಕಳಿರುವ ಮನೆಗಳಲ್ಲಿ ಹಲ್ಲಿಗೇನು ಬರ? ಒಂದು ಅಲ್ಲಾಡುತ್ತಿರುತ್ತದೆ, ಇನ್ನೊಂದು ಬೀಳುತ್ತಿರುತ್ತದೆ. ಆದರೆ ಬಿದ್ದದ್ದು ಕೈಗೆ ಸಿಗಬೇಕಲ್ಲ! ಅಬ್ಬಿಗೆರೆಯ ಹಳೇ ಊರಿನ ಅಜ್ಜಿಯರು ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮನೆಯ ಸೂರಿನ ಮೇಲೆ ಎಸೆದುಬಿಡುತ್ತಾರೆ. ಎಸೆದರೆ ಹೊಸ ಹಲ್ಲು ನೆಟ್ಟಗೆ ಬರುತ್ತದೆ, ಎಸೆಯದಿದ್ದರೆ ಸೊಟ್ಟಗೆ. ಬೇರೆಯವರ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ. ಐಶ್ವರ್ಯ ಬರುವ ತನಕ ಆ ಬೀದಿಯಲ್ಲಿ ಹಲ್ಲು ಕೊಡಿ ಎಂದು ಬಾಗಿಲಿಗೆ ಬಂದವರೇ ಇರಲಿಲ್ಲ.

ಐಶ್ವರ್ಯ ದೂರದ ರೋಣದ ಕಡೆಯವಳು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಪಿಎಚ್‌ಡಿ ಹಿಡಿದು ಐದನೇ ವರ್ಷ ನಡೆಯುತ್ತಿತ್ತು. ಅವಳ ಸಂಶೋಧನೆಯ ಒಂದು ಕಾಲು ವೈದ್ಯಕೀಯದಲ್ಲಿ, ಇನ್ನೊಂದು ಪರಿಸರ ವಿಜ್ಞಾನದಲ್ಲಿ. ಡಾಕ್ಟರುಗಳು ಅವಳನ್ನು ಕಂಡರೆ "ನೀವು ಪರಿಸರದವರಲ್ಲವೇ?" ಅನ್ನುತ್ತಿದ್ದರು. ಪರಿಸರದವರು "ನೀವು ಡಾಕ್ಟರುಗಳ ಪೈಕಿಯಲ್ಲವೇ?" ಅನ್ನುತ್ತಿದ್ದರು. ಕೂರಲು ಕುರ್ಚಿಯನ್ನು ಮಾತ್ರ ಇಬ್ಬರೂ ಕೊಡುತ್ತಿರಲಿಲ್ಲ.

ಆದರೆ ಅವಳ ವಿಷಯ ಯಾರಿಗಾದರೂ ಅರ್ಥವಾಗುವಂಥದ್ದೇ. ಮಗು ಹೊಟ್ಟೆಯಲ್ಲಿರುವಾಗಲೇ ಹಾಲುಹಲ್ಲು ಪದರ ಪದರವಾಗಿ ಬೆಳೆಯಲು ಶುರುವಾಗುತ್ತದೆ. ಆ ದಿನಗಳಲ್ಲಿ ಮೈಗೆ ಸೇರಿದ ಸೀಸ ಆಯಾ ಪದರದಲ್ಲೇ ಕೂತುಬಿಡುತ್ತದೆ. ಬಿದ್ದ ಹಲ್ಲನ್ನು ತೆಳ್ಳಗೆ ಕೊಯ್ದು ಲೇಸರ್ ಹಾಯಿಸಿದರೆ, ಮಗು ಯಾವ ವಯಸ್ಸಿನಲ್ಲಿ ಎಷ್ಟು ಸೀಸ ನುಂಗಿತ್ತು ಎಂದು ಓದಿ ಹೇಳಬಹುದು. ಸೀಸ ಮಕ್ಕಳ ಮಿದುಳಿಗೆ ವಿಷ. ಅಬ್ಬಿಗೆರೆ, ಮತ್ತಿಕೆರೆ, ತಣಿಸಂದ್ರ ಎಲ್ಲವೂ ಹೊಲ ಹೋಗಿ ರಸ್ತೆ ಬಂದ ಊರುಗಳು. ಅಲ್ಲಿನ ಮಕ್ಕಳು ಏನು ನುಂಗುತ್ತಿದ್ದಾರೆ ಎನ್ನುವುದು ಅವಳ ಪ್ರಶ್ನೆ.

ಅಬ್ಬಿಗೆರೆಯ ಆ ಬೀದಿಗೆ ಪಟಾಲಮ್ಮನೇ ಹೈಕೋರ್ಟು. ಅರವತ್ತೈದು ದಾಟಿದ ಗಟ್ಟಿ ಹೆಂಗಸು. ಮಗ ಉಮೇಶ ಹಳೇ ಹೆಂಚಿನ ಮನೆ ಕೆಡವಿಸಿ ಕಟ್ಟಿಸಿದ ಮೂರು ಮಹಡಿಯ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದ ಕಲ್ಲುಹಾಸಿನ ಮೇಲೆ ಕೂತು ಬೀದಿಯ ಬಸಿರು, ಬಾಣಂತನ, ಜಗಳ ಎಲ್ಲಕ್ಕೂ ತೀರ್ಪು ಕೊಡುತ್ತಿದ್ದಳು. ಅವಳು ಹೂಂ ಅಂದರೆ ಬೀದಿಯೇ ಹೂಂ. ಅವಳ ಮೊಮ್ಮಗಳು ದಿವ್ಯಳಿಗೆ ಏಳು ವರ್ಷ, ಎರಡು ಮುಂದಿನ ಹಲ್ಲು ಆಗಲೇ ಅಲ್ಲಾಡುತ್ತಿದ್ದವು.

"ಅಜ್ಜಿ, ಬಿದ್ದ ಹಲ್ಲ ಒಂದ ಕೊಡ್ರಿ ಸಾಕು. ಮತ್ತೇನೂ ಬ್ಯಾಡ್ರಿ" ಎಂದು ಐಶ್ವರ್ಯ ಮೊದಲ ದಿನವೇ ಕೇಳಿದಳು.

ಪಟಾಲಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಏನಮ್ಮಿ, ಓದಿದ್ ಉಡ್ಗಿ ನೀನು. ಮಗೀನ್ ಬಾಯಾಗಿಂದು ತಗಂಡೋಗಿ ಮಿಸನ್ನಿಗಾಕ್ತೀಯಾ? ನಾಳೆ ಅದಕ್ಕೆ ಸೊಟ್ಟಲ್ಲು ಬಂದ್ರೆ ಮದ್ವೆ ನೀನ್ ಮಾಡ್ತೀಯಾ?"

ಬೀದಿಯ ಹೆಂಗಸರೆಲ್ಲ ನಕ್ಕರು. ಐಶ್ವರ್ಯಳೂ ನಕ್ಕಳು, ಆದರೆ ಜಾಗ ಬಿಡಲಿಲ್ಲ. ಪ್ರತಿ ಶನಿವಾರ ಬಂದಳು. ಅವರೆಕಾಯಿ ಸುಲಿದುಕೊಟ್ಟಳು. ದಿವ್ಯಳ ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಳು. ಸೊಸೆ ಒಪ್ಪಿದ ಮೇಲೆ ಅತ್ತೆಗೆ ಇಕ್ಕಟ್ಟಾಯಿತು. ಕಡೆಗೊಂದು ಶನಿವಾರ ಪಟಾಲಮ್ಮ ಸೆರಗಿನ ಗಂಟು ಬಿಚ್ಚಿ, ಕಾಗದದ ಪೊಟ್ಟಣವೊಂದನ್ನು ತೆಗೆದು ಅವಳ ಕೈಗಿಟ್ಟಳು.

"ತಗೋ. ಬಿತ್ತು ಮೊನ್ನೆ. ಇನ್ ನನ್ ಪ್ರಾಣ ತಿನ್ಬೇಡ."

ಹಲ್ಲು ಸ್ವಲ್ಪ ಕಂದು ಬಣ್ಣಕ್ಕಿತ್ತು. ಮನಸ್ಸು ತಡೆಯದೆ ಅಜ್ಜಿ ಮೊದಲು ಸಗಣಿಯಲ್ಲಿ ಸುತ್ತಿ, ಆಮೇಲೆ ತೊಳೆದು ಕೊಟ್ಟಿರಬೇಕು ಎಂದುಕೊಂಡಳು ಐಶ್ವರ್ಯ. ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಳು: ಇಪ್ಪತ್ತೇಳನೇ ಹಲ್ಲು, ಹುಡುಗಿ, ಏಳು ವರ್ಷ, ಬಣ್ಣ ಕಂದು, ಸಗಣಿಯ ಕಲೆ. ಬೀದಿಯ ಹೆಂಗಸರ ರೀತಿ ರಿವಾಜನ್ನು ಅರಿತುಕೊಂಡಿದ್ದೇನೆ ಎಂಬ ಹೆಮ್ಮೆ ಬೇರೆ ಅವಳಿಗೆ. ಪಟಾಲಮ್ಮ ಕೊಟ್ಟಳು ಎಂಬ ಸುದ್ದಿ ಹಬ್ಬಿದ್ದೇ ತಡ, ಉಳಿದ ಮನೆಗಳ ಬಾಗಿಲೂ ತೆರೆದವು. ಎಂಟು ತಿಂಗಳಲ್ಲಿ ಅರವತ್ತು ಹಲ್ಲು ತುಂಬಿತು.

ಐವತ್ತೊಂಬತ್ತು ಹಲ್ಲುಗಳ ಫಲಿತಾಂಶ ಒಳ್ಳೆಯದೇ ಬಂತು. ಹೆಬ್ಬಾಳದ ಹತ್ತಿರದ ಪ್ರಯೋಗಾಲಯದಲ್ಲಿ ಅವಳ ಮಾರ್ಗದರ್ಶಕರಾದ ಸುಬ್ರಮಣಿ ಸರ್ ಕನ್ನಡಕ ಹಣೆಗೇರಿಸಿ ಒಂದೊಂದೇ ಗೆರೆ ನೋಡುತ್ತಾ ತಲೆದೂಗಿದರು. ಸೀಸ ಇತ್ತು, ಆದರೆ ಹೆದರಿದ್ದಕ್ಕಿಂತ ಕಡಿಮೆ. ಇಪ್ಪತ್ತೇಳಕ್ಕೆ ಬಂದಾಗ ಅವರ ತಲೆ ನಿಂತಿತು.

"ಇದೇನಮ್ಮ? ಎಂಟು ಪಟ್ಟು ಇದೆ!"

"ಮೂರ್ ಸಲ ಅಳದೀನ್ರಿ ಸರ್. ಹೊರಗಿನ ಕಲೆ ಅಲ್ರಿ, ಒಳಗಿನ ಪದರದಾಗ ಐತಿ. ಹುಟ್ಟೂಕಿಂತ ಮೊದಲಿಂದನ ಐತಿ."

"ಅದೇ ಬೀದಿ, ಅದೇ ನೀರು. ಪಕ್ಕದ್ಮನೆ ಮಗುಗೆ ಇಲ್ಲ, ಇದಕ್ಕೆ ಎಂಟು ಪಟ್ಟು ಅಂದ್ರೆ ಹೇಗೆ?" ಅವರು ಹಣೆಯ ಕನ್ನಡಕವನ್ನು ಮೂಗಿಗಿಳಿಸಿ ಹೇಳಿದರು, "ನೋಡು ಐಶ್ವರ್ಯ, ಕಾರಣ ಇಲ್ದೆ ಇದನ್ನ ತೆಗೆದುಹಾಕೋ ಹಾಗಿಲ್ಲ, ಅದು ಮೋಸ. ಕಾರಣ ಹೇಳ್ದೆ ಇಟ್ಕೊಂಡ್ರೂ ಕಷ್ಟ. ಒಂದ್ ಹಲ್ಲು ಹೀಗಾದ್ರೆ ಮಿಕ್ಕಿದ್ದನ್ನ ನಾವ್ ಯಾಕ್ ನಂಬ್ಬೇಕು ಅಂತಾರೆ ಸಮಿತಿಯೋರು. ಐದು ವರ್ಷದ್ದು ಪೂರ್ತಿ ಮತ್ತೆ ಮಾಡು ಅಂದ್ರೂ ಅಂದಾರು. ಮುಂದಿನ ತಿಂಗ್ಳು ಇಪ್ಪತ್ತಕ್ಕೆ ಸಭೆ. ಅಷ್ಟರೊಳಗೆ ಇದು ಏನು ಅಂತ ಹುಡುಕು. ಅದಕ್ಕೂ ಮೊದ್ಲು ಆ ಮನೆಗೆ ಹೋಗಿ ಹೇಳು."

ಮತ್ತೆ ಐದು ವರ್ಷ ಎಂಬ ಮಾತು ಐಶ್ವರ್ಯಳಿಗೆ ಸಣ್ಣದಲ್ಲ. ಆದರೆ ಅಂದು ಅಬ್ಬಿಗೆರೆಯ ಬಸ್ಸಿನಲ್ಲಿ ಕೂತಾಗ ಅವಳ ಕಣ್ಣ ಮುಂದೆ ಇದ್ದದ್ದು ದಿವ್ಯ. ಸಿಕ್ಕಾಗಲೆಲ್ಲ ಬಾಯಿ ತೆರೆದು, ನಾಲಿಗೆಯಿಂದ ಹಲ್ಲು ಅಲ್ಲಾಡಿಸಿ ತೋರಿಸುವ ಹುಡುಗಿ. ಆ ಮಗುವಿನ ಮನೆಗೆ ಹೋಗಿ ವಿಷ ಎಂಬ ಮಾತನ್ನು ಹೇಗೆ ಆಡುವುದು?

ಆಡಿದಳು. ಉಮೇಶ ಕೈಯಲ್ಲಿದ್ದ ಫೋನು ಕೆಳಗಿಟ್ಟ. ಎರಡು ಕಡೆ ಕಟ್ಟಡ ಕೆಲಸ ನಡೆಸುತ್ತಿದ್ದ, ಮೇಸ್ತ್ರಿಗಳನ್ನು ಗದರಿಸಿಕೊಂಡೇ ದಿನ ದೂಡುವ ನಲವತ್ತರ ಗಂಡಸು ಅವನು. ಎದ್ದು ಚಪ್ಪಲಿ ಹುಡುಕತೊಡಗಿದ. "ಮೇಡಂ, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕಾ?" ಎಂದ. ಮರುದಿನ ಬೆಳಿಗ್ಗೆಯೇ ಯಶವಂತಪುರದ ಒಂದು ಆಸ್ಪತ್ರೆಯಲ್ಲಿ ದಿವ್ಯಳ ರಕ್ತ ತೆಗೆದರು. ಹುಡುಗಿ ಕಟ್ಟಡವೇ ಹಾರಿಹೋಗುವಂತೆ ಕಿರುಚಿದಳು. ಪಟಾಲಮ್ಮ ಒಳಗೆ ಬರಲೇ ಇಲ್ಲ. ಹೊರಗೆ ಗೋಡೆಗೆ ಮುಖ ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪಾಪ, ಮೊಮ್ಮಗಳ ಮೇಲೆ ಎಷ್ಟು ಜೀವ ಎಂದುಕೊಂಡಳು ಐಶ್ವರ್ಯ.

ನಾಲ್ಕು ದಿನಕ್ಕೆ ವರದಿ ಬಂತು. ರಕ್ತದಲ್ಲಿ ಗಾಬರಿಪಡುವಂಥದ್ದೇನೂ ಇರಲಿಲ್ಲ, ಮಗು ಆರೋಗ್ಯವಾಗಿದೆ ಎಂದರು ಡಾಕ್ಟರು. ಉಮೇಶ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಮಗಳನ್ನು ಎತ್ತಿಕೊಂಡು ಕುಣಿದ. ಐಶ್ವರ್ಯಳೂ ಮನಸಾರೆ ಹಿಗ್ಗಿದಳು. ಆದರೆ ರೂಮಿಗೆ ಬಂದು ಕೂತ ಮೇಲೆ ಲೆಕ್ಕ ಹೊಂದಲಿಲ್ಲ. ರಕ್ತ ಈಗಿನದ್ದನ್ನಷ್ಟೇ ಹೇಳುತ್ತದೆ ನಿಜ, ಆದರೂ ಎಂಟು ಪಟ್ಟು ನುಂಗಿದ ಮಗುವಿನಲ್ಲಿ ಅದರ ಸುಳಿವಾದರೂ ಉಳಿಯಬೇಕಿತ್ತು. ಮಗು ಚೆನ್ನಾಗಿದ್ದರೆ ಕೆಟ್ಟಿರುವುದು ಅವಳ ಕೆಲಸವೇ ಇರಬೇಕು. ಎಲ್ಲಿ ಕೆಟ್ಟಿತು? ಕೊಯ್ಯುವ ಬ್ಲೇಡೇ, ತೊಳೆಯುವ ನೀರೇ, ಹೆಸರು ಬರೆದ ಚೀಟಿಯೇ? ಹತ್ತು ದಿನ ಎಲ್ಲವನ್ನೂ ಒಂದೊಂದಾಗಿ ಜಾಲಾಡಿದಳು. ಒಂದೂ ತಪ್ಪು ಸಿಗಲಿಲ್ಲ. ತಪ್ಪು ಸಿಕ್ಕಿದ್ದರೆ ಅಳಬಹುದಿತ್ತು, ಸಿಗದೆ ಹೋದದ್ದಕ್ಕೆ ಸಿಟ್ಟು ಬಂತು.

ಉಳಿದದ್ದು ಒಂದೇ ದಾರಿ. ಸೀಸ ಅಂದರೆ ಎಲ್ಲವೂ ಒಂದೇ ಅಲ್ಲ. ಯಾವ ಗಣಿಯಿಂದ ಅಗೆದದ್ದು ಎನ್ನುವುದರ ಮೇಲೆ ಅದರ ಒಳಗಿನ ಗುಣ ಬದಲಾಗುತ್ತದೆ, ಅದನ್ನೂ ಅಳೆಯಬಹುದು. ಇಪ್ಪತ್ತೇಳನೇ ಹಲ್ಲಿನ ಉಳಿದ ಚೂರಿನಲ್ಲಿ ಅರ್ಧವನ್ನು, ಬೇರೆ ಹಲ್ಲುಗಳ ಚೂರುಗಳ ಜೊತೆ, ಅವಳು ಅದಕ್ಕೆ ಕಳಿಸಿದಳು. ಉತ್ತರ ಬಂದಾಗ ಎರಡು ಸಲ ಓದಿದಳು. ಈ ಸೀಸ ಉಳಿದ ಐವತ್ತೊಂಬತ್ತರಲ್ಲಿ ಯಾವುದಕ್ಕೂ ಹೊಂದುತ್ತಿರಲಿಲ್ಲ. ಹಿಂದೆ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸಕ್ಕೆ ಮಾತ್ರ ಹೊಂದುತ್ತಿತ್ತು. ಆ ಪೆಟ್ರೋಲು ಎರಡು ಸಾವಿರನೇ ಇಸವಿಗೇ ದೇಶದಲ್ಲಿ ನಿಂತುಹೋಗಿದೆ. ದಿವ್ಯ ಹುಟ್ಟಿದ್ದು ಅದಾಗಿ ಹದಿನೆಂಟು ವರ್ಷಕ್ಕೆ.

ಐಶ್ವರ್ಯ ಚಪ್ಪಲಿ ಮೆಟ್ಟಿಕೊಂಡು ನೇರ ಅಬ್ಬಿಗೆರೆಗೆ ಹೊರಟಳು.

ಮಧ್ಯಾಹ್ನದ ಹೊತ್ತು. ಪಟಾಲಮ್ಮ ಕಲ್ಲುಹಾಸಿನ ಮೇಲೆ ಒಬ್ಬಳೇ ಸೊಪ್ಪು ಸೋಸುತ್ತಿದ್ದಳು. ಐಶ್ವರ್ಯ ಪಕ್ಕದಲ್ಲಿ ಕೂತು, ಸುತ್ತುಬಳಸದೆ ಕೇಳಿದಳು. "ಅಜ್ಜಿ, ನೀವ್ ಕೊಟ್ಟದ್ದು ದಿವ್ಯಾನ ಹಲ್ಲ ಅಲ್ಲ. ಹೌದಿಲ್ರಿ? ನಾ ಸಿಟ್ಟಾಗೂದಿಲ್ಲ. ಯಾರ್ದ ಅಂತ ಹೇಳ್ರಿ ಸಾಕು. ಹೇಳ್ಲಿಲ್ಲಂದ್ರ ನನ್ನ ಐದ ವರ್ಷ ನೀರಾಗ ಹೋಗ್ತೈತ್ರಿ."

ಪಟಾಲಮ್ಮನ ಕೈ ಸೊಪ್ಪಿನಲ್ಲಿಯೇ ನಿಂತಿತು.

"ಉಮೇಸಂದು ಕಣಮ್ಮಿ" ಎಂದಳು ಕಡೆಗೆ.

ದಿವ್ಯಳ ಹಲ್ಲನ್ನು ಅವಳು ಎಂದಿನಂತೆ ಸಗಣಿ ಸುತ್ತಿ ಮೂರನೇ ಮಹಡಿಯ ಶೀಟಿನ ಮೇಲೆ ಎಸೆದಿದ್ದಳು. ಈ ಹುಡುಗಿ ಬಿಡುವ ಪೈಕಿಯಲ್ಲ, ಒಂದು ಹಲ್ಲು ಕೊಟ್ಟರೆ ತೊಲಗುತ್ತಾಳೆ, ಯಾರದ್ದಾದರೇನು ಎಂದುಕೊಂಡಳು. ನಾಲ್ಕು ವರ್ಷದ ಹಿಂದೆ ಹೆಂಚಿನ ಮನೆ ಕೆಡವುವಾಗ ಹೆಂಚಿನ ಸಂದಿಯಲ್ಲಿ ಒಂದು ಹಾಲುಹಲ್ಲು ಸಿಕ್ಕಿತ್ತು. ಉಮೇಶ ಹುಟ್ಟಿದ ವರ್ಷ ಅವಳ ಗಂಡ ಕೈಯಾರೆ ಕಟ್ಟಿದ ಮನೆ ಅದು. ಅದರ ಸೂರಿಗೆ ಒಬ್ಬನೇ ಮಗನ ಹಲ್ಲು ಬಿಟ್ಟರೆ ಇನ್ನಾರದ್ದೂ ಬಿದ್ದಿರಲಿಲ್ಲ. ಎಸೆಯಲು ಮನಸ್ಸು ಬಾರದೆ ಬುಗುಡಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು.

"ಆಸ್ಪತ್ರೇಲಿ ಮಗೀಗೆ ಸೂಜಿ ಚುಚ್ಚಿದ್ರಲ್ಲ, ಆವಾಗ್ಲೇ ಏಳ್ಬೇಕಿತ್ತು. ನಾಲ್ಗೆ ಬರ್ಲಿಲ್ಲ. ಏಳಿದ್ರೆ ಉಮೇಸಂಗೆ ವಿಸ ಅಂತ ನಾನೇ ಏಳ್ದಂಗಾಗ್ತದೆ ಅಂತ ಬಾಯ್ ಮುಚ್ಕಂಡಿದ್ದೆ." ಅವಳು ಕಣ್ಣೊರೆಸಿಕೊಳ್ಳಲಿಲ್ಲ, ನೀರು ಹಾಗೆಯೇ ಇಳಿಯಿತು. "ಯಸವಂತಪುರದ ಸರ್ಕಲ್ಲಾಗೆ ಸೊಪ್ಪು ಮಾರ್ತಿದ್ದೆ ನಾನು. ಅವ್ನು ಒಟ್ಟೇಲಿದ್ದಾಗ್ಲೂ ಅಲ್ಲೇ. ಉಟ್ಟಿದ್ ಮೂರ್ ತಿಂಗ್ಳಿಗೆ ಬುಟ್ಟಿ ಪಕ್ಕ ಮಲಗಿಸ್ಕಂಡು ಅಲ್ಲೇ. ಆಟೋದು, ಸ್ಕೂಟ್ರುದು ಒಗೆ ಎಲ್ಲ ಮಕದ್ ಮೇಲೆ. ಐದ್ ವರ್ಸ. ಅದೇನಾ ಇದು?"

"ಅದ ಇರಬೇಕ್ರಿ."

"ಇದಿದ್ರೆ ಓದು ತಲೇಗತ್ತಲ್ವಾ?"

ಸುಳ್ಳು ಸಮಾಧಾನ ಹೇಳಲು ಐಶ್ವರ್ಯಳಿಗೆ ಬರುತ್ತಿರಲಿಲ್ಲ, ಈ ಹೆಂಗಸಿಗೆ ಅದು ಬೇಕಾಗಿಯೂ ಇರಲಿಲ್ಲ. "ಒಬ್ಬರ ವಿಷಯದಾಗ ಹಿಂಗ ಅಂತ ಹೇಳಾಕ ಬರೂದಿಲ್ರಿ ಅಜ್ಜಿ. ಆದ್ರ ಸಾವಿರಾರು ಮಕ್ಕಳನ್ನ ನೋಡ್ಯಾರ. ಸೀಸ ಜಾಸ್ತಿ ಇದ್ದವರಿಗೆ ಲೆಕ್ಕ, ಓದು, ಒಂದ ಕಡೆ ಕುಂದ್ರೂದು ಎಲ್ಲಾ ಕಷ್ಟ ಆಗೇತಿ."

ಪಟಾಲಮ್ಮ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಂದೇ ಸಮ ಮಾತಾಡಿದಳು. "ಮಗ್ಗಿ ಬರ್ಲಿಲ್ಲ ಅಂತ ಮೇಷ್ಟ್ರು ಒಡ್ದು ಕಳ್ಸೋರು. ಮನೇಗ್ ಬಂದ್ರೆ ನಾನು ಉಣ್ಸೆ ಬರ್ಲು ತಗತಿದ್ದೆ. ಬೆನ್ನೆಲ್ಲ ಬಾಸುಂಡೆ. ಎಸ್ಸೆಲ್ಸಿ ಮೂರ್ ಸಲ ಕೂತ, ಮೂರ್ ಸಲಾನೂ ಓಯ್ತು. ದಡ್ಡ ಮುಂಡೇದು ಅಂತ ಊರಿಗೆಲ್ಲ ಸಾರ್ದೋಳೇ ನಾನು. ಇವತ್ತಿಗೂ ಒಂದ್ ಕಾಗ್ದ ಓದಾಕೆ ನಾಚ್ಕತಾನೆ, ಎಂಡ್ರ ಕೈಗ್ ಕೊಡ್ತಾನೆ."

ಅವಳು ಎದ್ದಳು. ಮೆಟ್ಟಿಲ ಬುಡಕ್ಕೆ ಹೋಗಿ, ಮೇಲೆ ನೋಡಿ ಕೂಗಿದಳು. "ಉಮೇಸಾ! ಬಾರೋ ಕೆಳೀಕೆ."

ಐಶ್ವರ್ಯ ಹೊರಡಲು ಎದ್ದರೆ ಕೈ ಹಿಡಿದು ಕೂರಿಸಿದಳು. "ಅವ್ನಿಗೆ ಎಲ್ಲ ನಾನೇ ಏಳ್ತೀನಿ, ತಪ್ಪಾದ್ರೆ ನೀನ್ ತಿದ್ದು" ಎಂದಳು. ಉಮೇಶ ಬಂದ. ಅಮ್ಮ ಒಂದನ್ನೂ ಬಿಡದೆ ಹೇಳಿದಳು: ಹಲ್ಲು ಬದಲಾಯಿಸಿದ್ದು, ಮಗುವಿಗೆ ಸುಮ್ಮನೆ ಸೂಜಿ ಚುಚ್ಚಿಸಿದ್ದು, ಸರ್ಕಲ್ಲಿನ ಹೊಗೆ, ಹುಣಸೆ ಬರಲು. ಅವನು ನಿಂತೇ ಕೇಳಿದ. ಕೇಳುತ್ತಾ ಕೇಳುತ್ತಾ ಕಲ್ಲುಹಾಸಿನ ಮೇಲೆ ಕೂತ. ಎಲ್ಲ ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ, ಅದೂ ಅಮ್ಮನನ್ನಲ್ಲ.

"ಹಂಗಾದ್ರೆ ಮೇಡಂ, ನನ್ ಮಗಳ್ ಹಲ್ಲು ನೀವು ನೋಡೇ ಇಲ್ಲ. ಅವಳು ಚಿಕ್ಕೋಳಿದ್ದಾಗ ಎಷ್ಟು ಹೋಗಿದೆ ಅಂತ ಗೊತ್ತೇ ಇಲ್ಲ ಅಲ್ವಾ?"

"ಇಲ್ರಿ. ರಕ್ತ ಈಗಿಂದ ಅಷ್ಟ ಹೇಳ್ತೈತಿ."

ದಿವ್ಯಳ ಇನ್ನೊಂದು ಹಲ್ಲು ಆ ವಾರದಲ್ಲೇ ಚಕ್ಕುಲಿ ಕಡಿಯುವಾಗ ಬಿತ್ತು. ಪಟಾಲಮ್ಮ ಅದಕ್ಕೆ ಸಗಣಿ ಮುಟ್ಟಿಸಲಿಲ್ಲ. ಐಶ್ವರ್ಯ ಹೇಳಿಕೊಟ್ಟಂತೆ ಶುದ್ಧ ನೀರಲ್ಲಿ ಅದ್ದಿ, ಹೊಸ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಎರಡು ಬಸ್ಸು ಬದಲಿಸಿ ತಾನೇ ಹೆಬ್ಬಾಳದ ತನಕ ಬಂದು ಕೊಟ್ಟಳು. ಹೊಸ ಹಲ್ಲು ಸೊಟ್ಟ ಬಂದರೆ ಎಂದು ಸುಬ್ರಮಣಿ ಸರ್ ತಮಾಷೆಗೆ ಕೇಳಿದ್ದಕ್ಕೆ, "ಬರ್ಲಿ ಬಿಡಿ ಸ್ವಾಮಿ, ಈಗ ತಂತಿ ಆಕ್ತಾರಂತಲ್ಲ" ಎಂದಳು.

ಉಮೇಶನ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿಕೊಂಡು ಡಿಎನ್‌ಎ ತಾಳೆ ನೋಡಿದರು. ಇಪ್ಪತ್ತೇಳನೇ ಹಲ್ಲು ಅವನದ್ದೇ ಎಂದು ಖಾತ್ರಿಯಾಯಿತು. ಅದಕ್ಕೂ ಮೊದಲು ಅವನ ಒಪ್ಪಿಗೆ ಬೇಕಿತ್ತು. ಎರಡು ಪುಟದ ಕಾಗದವನ್ನು ಅವನು ಹೆಂಡತಿಯ ಕೈಗೆ ಕೊಡಲಿಲ್ಲ. ಬೆರಳಿಟ್ಟುಕೊಂಡು ನಿಧಾನವಾಗಿ ತಾನೇ ಪೂರ್ತಿ ಓದಿ ಸಹಿ ಹಾಕಿದ. ಐಶ್ವರ್ಯ ಗಡಿಯಾರ ನೋಡದೆ ಕಾದಳು.

ಇಪ್ಪತ್ತನೇ ತಾರೀಕು ಸಮಿತಿಯ ಮುಂದೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಸಗಣಿಯ ಕಲೆ ಎಂದು ತಾನೇ ತಪ್ಪಾಗಿ ಬರೆದುಕೊಂಡದ್ದನ್ನೂ ಹೇಳಿದಳು. ಕುರ್ಚಿ ಕೊಡದಿದ್ದ ವೈದ್ಯರೊಬ್ಬರು ಕೂತಲ್ಲಿಯೇ ಮುಂದೆ ಬಾಗಿದರು. ಇನ್ನೂ ಎಷ್ಟು ಮನೆಗಳಲ್ಲಿ ಹೀಗೆ ತಂದೆ ತಾಯಿಯರ ಹಲ್ಲು ಸಿಗಬಹುದು ಎಂದು ಕೇಳಿದರು. ಐಶ್ವರ್ಯಳ ಬಳಿ ಉತ್ತರ ಇತ್ತು. ಸುದ್ದಿ ಕೇಳಿದ ಬೀದಿಯ ಅಜ್ಜಿಯರು ಆಗಲೇ ಹಳೇ ಹೆಂಚು, ದನದ ಕೊಟ್ಟಿಗೆಯ ಸೂರು ಎಲ್ಲ ತಡಕಾಡಿಸುತ್ತಿದ್ದರು. ಏಳು ಹಲ್ಲು ಸಿಕ್ಕಿದ್ದವು. ಯಾರದ್ದೆಂದು ತಾಳೆಯಾದವನ್ನು ಮಾತ್ರ ಸೇರಿಸಿಕೊಂಡು, ಇದನ್ನೇ ಒಂದು ಅಧ್ಯಾಯ ಮಾಡಿ, ಆರು ತಿಂಗಳಲ್ಲಿ ಪ್ರಬಂಧ ಒಪ್ಪಿಸಿ ಎಂದಿತು ಸಮಿತಿ. ಅವಳು ಹೊರಗೆ ಬಂದು ರೋಣಕ್ಕೆ ಫೋನು ಮಾಡಿ, ಅವ್ವನ ದನಿ ಕೇಳುತ್ತಲೇ ಅತ್ತಳು.

ಮರುವಾರ ದಿವ್ಯಳ ಹಲ್ಲಿನ ಫಲಿತಾಂಶ ತಗೊಂಡು ಅಬ್ಬಿಗೆರೆಗೆ ಹೋದಳು. ಒಂದೇ ಹಾಳೆಯಲ್ಲಿ ಎರಡು ಗೆರೆ ಹಾಕಿಸಿದ್ದಳು. ಒಂದು ಹಾಳೆಯ ನೆತ್ತಿಯಲ್ಲಿ ಓಡುತ್ತಿತ್ತು, ಇನ್ನೊಂದು ಬುಡದಲ್ಲಿ. ಅಮ್ಮ, ಮಗ ಇಬ್ಬರೂ ಕಲ್ಲುಹಾಸಿನ ಮೇಲೆ ಕೂತು ನೋಡಿದರು.

"ಕೆಳಗಿರೋದ್ ದಿವ್ಯಂದಾ?" ಎಂದ ಉಮೇಶ.

"ಹೌದ್ರಿ. ನಿಮ್ಮದರಾಗ ಒಂಬತ್ತನೇ ಒಂದ ಪಾಲೂ ಇಲ್ಲ. ಪೆಟ್ರೋಲಿಂದ ಸೀಸ ತಗದ್ರಲ್ರಿ, ಅದರ ಪುಣ್ಯ."

ಉಮೇಶ ದೊಡ್ಡದಾಗಿ ಉಸಿರು ಬಿಟ್ಟ. ಅವನ ಮುಖದ ಮೇಲೆ ನಗು ಬಂತು. "ನೋಡಮ್ಮ, ಹುಟ್ಟಿದಾಗಿಂದ ಇದೇ ಫಸ್ಟು, ನಂಗೆ ಮಾರ್ಕ್ಸ್ ಜಾಸ್ತಿ ಬಂದಿರೋದು."

ಪಟಾಲಮ್ಮನಿಗೆ ನಗಲಾಗಲಿಲ್ಲ. "ನಾನು ನಿನ್ನ ಅಲ್ಲಿ ಮಲಗಿಸ್ಬಾರ್ದಿತ್ತು ಕಣಪ್ಪ" ಎಂದಳು. "ಆಮೇಲೆ ಒಡೀಲೂಬಾರ್ದಿತ್ತು."

"ಮಲಗಿಸ್ದೆ ಇನ್ನೆಲ್ ಬಿಡ್ತಿದ್ದೆ ನನ್ನ? ಮನೇಲ್ ಯಾರಿದ್ರು?" ಎಂದ ಉಮೇಶ. ಹಾಳೆಯಲ್ಲಿನ ತನ್ನ ಗೆರೆಯ ಮೇಲೆ ಬೆರಳಾಡಿಸಿದ. "ನಾನು ದಡ್ಡ ಅಂತ್ಲೇ ಅನ್ಕೊಂಡಿದ್ದೆ ಅಮ್ಮ. ಇಷ್ಟ್ ವರ್ಷ."

ಪಟಾಲಮ್ಮ ಕೈ ಚಾಚಿ ಮಗನ ಬೆನ್ನ ಮೇಲೆ ಇಟ್ಟಳು. ಅಂಗಿಯ ಮೇಲಿಂದ ಮೇಲಕ್ಕೂ ಕೆಳಕ್ಕೂ ನಿಧಾನವಾಗಿ ಸವರಿದಳು, ಮಗುವನ್ನು ಮಲಗಿಸುವಾಗ ಸವರುವಂತೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಉಮೇಶ ತಲೆ ತಗ್ಗಿಸಿಕೊಂಡು, ಅವಳು ಕೈ ತೆಗೆಯುವ ತನಕ ಅಲುಗಾಡದೆ ಕೂತಿದ್ದ.